ಹೊಂಬುಜದಿಂದ ಬಂದ ಅಂಕಿಯ ಹಾರ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಲಾ ಅಧ್ಯಾಪಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಬಳಸುವ ಗಣಿತ ಏಳನೆಯ ತರಗತಿಯ ಗಡಿ ದಾಟುವುದಿಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು, ಒಂದೆರಡು ಕಡೆ ವರ್ಗ ಮಾಡುವುದು, ಇಷ್ಟೇ. ಆದರೆ ಇಷ್ಟರಿಂದಲೇ ನಾವು ಒಂದು ಸಾವಿರದ ಇನ್ನೂರು ವರ್ಷ ಹಿಂದಕ್ಕೂ ಹೋಗಿ ಬರಬಹುದು, ಇವತ್ತಿಗೂ ಜಗತ್ತಿನಲ್ಲಿ ಯಾರೂ ಉತ್ತರ ಕಾಣದ ಒಂದು ಪ್ರಶ್ನೆಯ ಬಾಗಿಲಿಗೂ ಹೋಗಿ ನಿಲ್ಲಬಹುದು. ಹೋಗುವ ದಾರಿಯಲ್ಲಿ ಹೊಸನಗರ ತಾಲ್ಲೂಕಿನ ಹುಂಚ ಸಿಗುತ್ತದೆ ಎಂಬುದು ನಮಗೆ ವಿಶೇಷ.

ಮೊದಲು ಆಟ. ಸಾಗರದಲ್ಲಿ ಹೊಸನಗರದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತ ಹುಡುಗಿಯೊಬ್ಬಳು ಕಿಲೋಮೀಟರು ಕಲ್ಲುಗಳನ್ನು ಎಣಿಸುತ್ತಿದ್ದಾಳೆ ಎಂದು ಭಾವಿಸಿ. ಮೊದಲ ಕಲ್ಲಿಗೆ ಪುಸ್ತಕದಲ್ಲಿ 1 ಎಂದು ಬರೆದಳು. ಎರಡನೆಯದು ಬಂದಾಗ ಅದರ ಪಕ್ಕದಲ್ಲೇ 2 ಬರೆದಳು. ಈಗ ಪುಸ್ತಕದಲ್ಲಿ ಇರುವುದು 12. ಮೂರನೆಯ ಕಲ್ಲಿಗೆ 123, ನಾಲ್ಕಕ್ಕೆ 1234. ಹೀಗೆ ಹತ್ತನೆಯ ಕಲ್ಲು ಬಂದಾಗ 12345678910 ಆಗುತ್ತದೆ. ಇಪ್ಪತ್ತನೆಯ ಕಲ್ಲು ದಾಟುವ ಹೊತ್ತಿಗೆ 31 ಅಂಕಿಗಳ ಸಂಖ್ಯೆ ಪುಸ್ತಕದ ಸಾಲು ಮೀರಿ ಹೋಗಿರುತ್ತದೆ. ಕೂಡಿಸಲಿಲ್ಲ, ಗುಣಿಸಲಿಲ್ಲ. ಹೂವಿನ ಪಕ್ಕ ಹೂವಿಟ್ಟು ಕಟ್ಟಿದ ಹಾಗೆ ಎಣಿಕೆಯ ಸಂಖ್ಯೆಗಳನ್ನು ಒಂದರ ಮಗ್ಗುಲಿಗೆ ಒಂದು ಇಟ್ಟದ್ದು ಅಷ್ಟೇ.

ಈಗ ಪ್ರಶ್ನೆ. ಈ ಸಂಖ್ಯೆಗಳನ್ನು ಒಡೆದರೆ ಒಳಗೆ ಏನಿದೆ? ಒಡೆಯುವುದು ಎಂದರೆ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವುದು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹೀಗೆ ತನ್ನಿಂದ ಮತ್ತು ಒಂದರಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ ಅವಿಭಾಜ್ಯ. ಒಂದಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯೇ ಆಗಲಿ, ಒಂದೋ ತಾನೇ ಅವಿಭಾಜ್ಯ, ಇಲ್ಲವೇ ಅವಿಭಾಜ್ಯಗಳ ಗುಣಲಬ್ಧ. ಅದೂ ಒಂದೇ ಒಂದು ರೀತಿಯಲ್ಲಿ.

12 ಎಂದರೆ 2×2×3, ಇದು ಮಗ್ಗಿಯಲ್ಲೇ ಇದೆ. 123 ಎಂದರೆ 3×41. 1234 ಎಂದರೆ 2×617. 12345 ಎಂದರೆ 3×5×823. ಮುಂದಿನದು ಸ್ವಲ್ಪ ಉದಾರಿ: 123456ರಲ್ಲಿ ಎರಡು ಎಂಬುದು ಆರು ಸಲ ಇದೆ, ಜೊತೆಗೆ 3 ಮತ್ತು 643. ಏಳಕ್ಕೆ ಬಂದಾಗ ಮಾತ್ರ ಸಂಖ್ಯೆ ಬಿಗಿಮುಷ್ಟಿಯದಾಗುತ್ತದೆ: 1234567 = 127×9721. ಎರಡೂ ಅವಿಭಾಜ್ಯ. ಅದಕ್ಕಿಂತ ಚಿಕ್ಕದು ಒಂದೂ ಇಲ್ಲ. ಎಂಟಕ್ಕೆ 2×3×3×47×14593. ಒಂಬತ್ತಕ್ಕೆ, ಅಂದರೆ ನಾವೆಲ್ಲ ಸ್ಲೇಟಿನ ಮೇಲೆ ಬರೆದು ಕಲಿತ 123456789ಕ್ಕೆ, 3×3×3607×3803. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಇವುಗಳಲ್ಲಿ ಏನಾದರೂ ಕ್ರಮ ಕಾಣಿಸಿತೇ? ಕಟ್ಟಿದ್ದು ಅತ್ಯಂತ ಕ್ರಮವಾಗಿ. ಒಡೆದಾಗ ಸಿಕ್ಕಿದ್ದರಲ್ಲಿ ಕ್ರಮದ ಸುಳಿವೂ ಇಲ್ಲ. 617, 823, 643, 9721, 14593 – ಯಾವ ಹೊಲದಿಂದ ಯಾವ ಕಲ್ಲು ಬಂತೋ ಎನ್ನುವ ಹಾಗೆ. ಇದಕ್ಕೆ ಕಾರಣವಿದೆ. ಪಕ್ಕಕ್ಕೆ ಬರೆಯುವುದು ನಮ್ಮ ಹತ್ತರ ಲೆಕ್ಕದ ಬರವಣಿಗೆಗೆ ಸೇರಿದ ವಿಷಯ. ಭಾಗವಾಗುವುದು ಸಂಖ್ಯೆಯ ಸ್ವಭಾವಕ್ಕೆ ಸೇರಿದ ವಿಷಯ. ಹೆಸರಿನ ಅಕ್ಷರ ನೋಡಿ ಮನುಷ್ಯನ ಗುಣ ಹೇಳಲು ಹೊರಟರೆ ಆಗುವ ಕಷ್ಟವೇ ಇಲ್ಲೂ ಆಗುತ್ತದೆ.

ಆದರೆ ಬರವಣಿಗೆಗೂ ಸ್ವಭಾವಕ್ಕೂ ಒಂದೊಂದು ಕಡೆ ಹೊಂದಿಕೆ ಆಗುವುದುಂಟು. ಅಂಥ ಜಾಗಗಳನ್ನು ಹುಡುಕಿ ಹುಡುಕಿ ಜೋಡಿಸಿಟ್ಟವರು ಮಹಾವೀರಾಚಾರ್ಯರು.

ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿನವರು, ಜೈನರು. ತಮ್ಮ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತಾರೆ. ಕನ್ನಡದ ಮೊದಲ ಗ್ರಂಥವೆಂದು ನಾವು ಓದುವ 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಕವಿಗಳಿಗೆ ದಾರಿ ತೋರಿಸುವ ಪುಸ್ತಕ ಕನ್ನಡದಲ್ಲಿ, ಲೆಕ್ಕಕ್ಕೆ ದಾರಿ ತೋರಿಸುವ ಪುಸ್ತಕ ಸಂಸ್ಕೃತದಲ್ಲಿ, ಎರಡೂ ಒಬ್ಬನೇ ಅರಸನ ಕಾಲದವು. ಶಾಲೆಗಳಲ್ಲಿ ಮೊದಲನೆಯದರ ಹೆಸರು ಎಲ್ಲ ಮಕ್ಕಳಿಗೂ ಗೊತ್ತಿದೆ. ಎರಡನೆಯದನ್ನು ಕೇಳಿ ನೋಡಿ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳು, ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳು ಇವೆ. ಖಗೋಳದ ಹಂಗಿಲ್ಲದೆ ಬರೀ ಗಣಿತಕ್ಕೇ ಮೀಸಲಾದ ಪುಸ್ತಕ ಎಂಬುದು ಅದರ ದೊಡ್ಡ ಗುಣ. ಏಕ, ದಶ, ಶತ ಎಂದು ಹೊರಟು 'ಮಹಾಕ್ಷೋಭ'ದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಲೆಕ್ಕಗಳಲ್ಲಿ ವ್ಯಾಪಾರಿಗಳಿದ್ದಾರೆ, ಹಣ್ಣಿನ ರಾಶಿಗಳಿವೆ, ದುಂಬಿ, ತಾವರೆ, ನವಿಲುಗಳಿವೆ. ಇಷ್ಟರ ನಡುವೆ, ಗುಣಾಕಾರ ಹೇಳಿಕೊಡುವ ಕಡೆಯಲ್ಲಿ, ಕೆಲವು ವಿಚಿತ್ರವಾದ ಅಭ್ಯಾಸಗಳು ಬರುತ್ತವೆ. ಗುಣಿಸಿದಾಗ ಬರುವ ಉತ್ತರಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಹಾರವನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಮಣಿಗಳ ಸಾಲು ಒಂದೇ.

139ನ್ನು 109ರಿಂದ ಗುಣಿಸಿ. ಬರುವುದು 15151. 152207ನ್ನು 73ರಿಂದ ಗುಣಿಸಿ. 11111111, ಎಂಟು ಒಂದುಗಳು. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. ಈ ಕೊನೆಯದೂ ಅವರ ಪ್ರಕಾರ ಕೊರಳಿಗೆ ಒಪ್ಪುವ ಹಾರ. ಇನ್ನೊಂದು ನಮ್ಮ ಹಳೆಯ ಪರಿಚಯದ್ದು: 12345679×9 = 111111111. ನಿಮ್ಮಲ್ಲಿ ಬಹಳ ಮಂದಿ ಇದನ್ನು ಮಕ್ಕಳಿಗೆ ತಮಾಷೆಯಾಗಿ ತೋರಿಸಿರುತ್ತೀರಿ, ಒಂಬತ್ತರ ಬದಲು 63ರಿಂದ ಗುಣಿಸಿ ಒಂಬತ್ತು ಏಳುಗಳನ್ನು ಬರಿಸಿರುತ್ತೀರಿ. ಈ ತಮಾಷೆಗೆ ಸುಮಾರು ಒಂದು ಸಾವಿರದ ಇನ್ನೂರು ವರ್ಷ ವಯಸ್ಸು.

ಎಲ್ಲಕ್ಕಿಂತ ಚೆಲುವಾದದ್ದು 27994681×441. ಉತ್ತರ 12345654321. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯರು ಹಾಗೆ ಹೇಳುವುದಿಲ್ಲ. ಒಂದರಿಂದ ಮೊದಲಾಗಿ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂಬ ಅರ್ಥದಲ್ಲಿ ಹೇಳಿ ಮುಗಿಸುತ್ತಾರೆ. ಬಸ್ಸಿನ ಹುಡುಗಿ ಮಾಡಿದ್ದು ಇದನ್ನೇ ಅಲ್ಲವೇ? ಎಣಿಕೆಯ ಅಂಕಿಗಳನ್ನು ಪಕ್ಕಪಕ್ಕ ಇಡುವುದು. ಆರನೆಯ ಕಲ್ಲಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದಳು ಎಂದುಕೊಳ್ಳಿ.

ಈ ಪುಸ್ತಕ ನಮ್ಮ ಕೈಗೆ ಬಂದ ಕತೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಆಮೇಲೆ ಗಣಿತಸಾರಸಂಗ್ರಹ ಬಹುಕಾಲ ಓಲೆಗಳಲ್ಲೇ ಇತ್ತು. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ ಪರಿಷ್ಕರಿಸಿ ಇಂಗ್ಲಿಷ್ ಅನುವಾದದೊಂದಿಗೆ ಸಿದ್ಧಪಡಿಸಿದ್ದನ್ನು ಮದರಾಸು ಸರ್ಕಾರ 1912ರಲ್ಲಿ ಅಚ್ಚು ಹಾಕಿಸಿತು. ಅವರು ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು.

ಕನ್ನಡ ಅನುವಾದದ ಸಹಿತ ಗ್ರಂಥ ಬಂದದ್ದು 2000ದಲ್ಲಿ. ಅನುವಾದಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಪ್ರಕಟಿಸಿದ್ದು ಹೊಂಬುಜ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ. ಹೊಂಬುಜ ಎಂದರೆ ನಮ್ಮ ಹುಂಚ. ಶಾಸನಗಳ ಪೊಂಬುರ್ಚ, ಸಾಂತರರ ರಾಜಧಾನಿ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ, ಉರ್ವೀತಿಲಕ ಎಂದು ಹೆಸರಾದ ಪಂಚಬಸದಿಯನ್ನು ನೋಡಲು ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ಪದ್ಮಾವತಿ ದೇವಿಯ ದರ್ಶನ ಮಾಡಿಸುತ್ತೀರಿ. ಅದೇ ಊರು ಕನ್ನಡಿಗರಿಗೆ ಅವರ ಹಳೆಯ ಗಣಿತವನ್ನು ಕನ್ನಡದಲ್ಲಿ ಕೊಟ್ಟಿತು ಎಂಬುದನ್ನೂ ಒಂದು ಮಾತು ಸೇರಿಸಬಹುದು.

ಇರಲಿ, ಹಾರಕ್ಕೆ ಮರಳೋಣ. ನನಗೆ ಕುತೂಹಲ ಇರುವುದು ಉತ್ತರದ ಚೆಲುವಿನಲ್ಲಿ ಅಲ್ಲ. ಶಿಷ್ಯ ಗುಣಿಸುತ್ತಾನೆ, ಹಾರ ಬರುತ್ತದೆ, ಆನಂದಪಡುತ್ತಾನೆ. ಆದರೆ ಗುರು ಏನು ಮಾಡಿರಬೇಕು? 27994681 ಎಂಬ ಮುಖವಿಲ್ಲದ ಸಂಖ್ಯೆಯನ್ನು 441ರಿಂದ ಗುಣಿಸಿದರೆ ಹೀಗಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತು? ಸುಮ್ಮನೆ ಗುಣಿಸುತ್ತಾ ಕುಳಿತರೆ ಜನ್ಮ ಕಳೆದರೂ ಇಂಥದ್ದು ಸಿಗಲಾರದು. ಅವರು ಹಾರದಿಂದ ಹೊರಟು ಹಿಂದಕ್ಕೆ ಬಂದಿರಬೇಕು. ಅಂದರೆ ಹಾರವನ್ನು ಬಿಚ್ಚಿರಬೇಕು. ಬಿಚ್ಚುವುದೆಂದರೆ ಅಪವರ್ತಿಸುವುದೇ.

ಬಿಚ್ಚಿ ನೋಡೋಣ. 12345654321 ಎಂಬುದು 111111ರ ವರ್ಗ. ಕಾಗದದ ಮೇಲೆ ಗುಣಿಸಿ ನೋಡಿ: ಆರು ಒಂದುಗಳ ಸಾಲು, ಒಂದೊಂದು ಮನೆ ಎಡಕ್ಕೆ ಸರಿಯುತ್ತಾ ಆರು ಸಲ ಬರುತ್ತದೆ. ಕಂಬಗಳಲ್ಲಿ ಒಂದು, ಎರಡು, ಮೂರು ಎಂದು ಆರರವರೆಗೆ ಏರಿ ಮತ್ತೆ ಇಳಿಯುತ್ತವೆ. ಎಲ್ಲೂ ಹತ್ತು ಮುಟ್ಟುವುದಿಲ್ಲವಾದ್ದರಿಂದ ದಶಕ ಕೊಡುವ ತೊಂದರೆ ಇಲ್ಲ. ಇನ್ನು 111111 ಎಂದರೆ 111×1001. 111 ಎಂದರೆ 3×37. 1001 ಎಂದರೆ 7×11×13. ಒಟ್ಟು ಐದು ಅವಿಭಾಜ್ಯಗಳು: 3, 7, 11, 13, 37. ಇವುಗಳಲ್ಲಿ 3 ಮತ್ತು 7ನ್ನು ಬೇರೆ ತೆಗೆದಿಟ್ಟರೆ 21, ಅದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗ 27994681. ಗುರುಗಳ ಗುಟ್ಟು ಹೊರಬಿತ್ತು. ಹಾರವನ್ನು ಐದು ಮಣಿಗಳಾಗಿ ಬಿಚ್ಚಿ, ಎರಡನ್ನು ಒಂದು ಕೈಯಲ್ಲಿ, ಮೂರನ್ನು ಇನ್ನೊಂದು ಕೈಯಲ್ಲಿ ಹಿಡಿದು ಶಿಷ್ಯನಿಗೆ ಕೊಟ್ಟಿದ್ದಾರೆ.

ಇದು ನನ್ನ ಊಹೆ. ಅವಿಭಾಜ್ಯ ಸಂಖ್ಯೆಗಳಿಗೆಂದೇ ಮಹಾವೀರಾಚಾರ್ಯರ ಪುಸ್ತಕದಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಆದರೆ ಉತ್ತರದಿಂದ ಹಿಂದಕ್ಕೆ ಬರದೆ ಈ ಲೆಕ್ಕಗಳನ್ನು ಕಟ್ಟಿದ ಇನ್ನೊಂದು ದಾರಿ ನನಗೆ ಕಾಣುವುದಿಲ್ಲ.

111111 ಸುಲಭ, ಅದರ ಮುಖದಲ್ಲೇ ಅದರ ಅಪವರ್ತನಗಳು ಬರೆದಿವೆ. ಎಂಟು ಒಂದುಗಳ ಸಂಖ್ಯೆ ಅಷ್ಟು ಸುಲಭವಲ್ಲ. ಅದು 1111×10001. 1111 ಎಂದರೆ 11×101. ಆದರೆ 10001? ಎರಡರಿಂದ ಹೋಗದು, ಐದರಿಂದ ಹೋಗದು. ಮೂರು, ಏಳು, ಹನ್ನೊಂದು, ಹದಿಮೂರು ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ ಹತ್ತೊಂಬತ್ತನೆಯ ಪ್ರಯತ್ನದಲ್ಲಿ 73 ಸಿಗುತ್ತದೆ. 10001 = 73×137. ಗಣಿತಸಾರಸಂಗ್ರಹದಲ್ಲಿ ಗುಣಕವಾಗಿ ನಿಂತಿರುವುದು ಇದೇ 73. ಯಾರೋ ಒಬ್ಬರು, ಎಂದೋ, ಮರಳಹಲಗೆಯ ಮೇಲೋ ಇನ್ನೆಲ್ಲೋ ಕುಳಿತು ಆ ಹತ್ತೊಂಬತ್ತು ಭಾಗಾಕಾರಗಳನ್ನು ಮಾಡಿರಬೇಕು. ಅಥವಾ ಅವರಿಗೆ ಬೇರೆ ಉಪಾಯ ಗೊತ್ತಿದ್ದಿರಬೇಕು.

ಬೇರೆ ಉಪಾಯ ಇದೆ. ಅದನ್ನು ಸ್ಪಷ್ಟವಾಗಿ ಬರೆದವನು ನಾರಾಯಣ ಪಂಡಿತ, 1356ರಲ್ಲಿ, 'ಗಣಿತಕೌಮುದಿ'ಯಲ್ಲಿ. ಅಪವರ್ತನಕ್ಕೆಂದೇ ಅಲ್ಲಿ ಒಂದು ಅಧ್ಯಾಯವಿದೆ. ಉಪಾಯ ಇಷ್ಟು: ಕೊಟ್ಟ ಬೆಸಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ನೋಡು. ಬರೆಯಲು ಬಂದರೆ ಆ ಎರಡರ ಮೊತ್ತ ಒಂದು ಅಪವರ್ತನ, ವ್ಯತ್ಯಾಸ ಇನ್ನೊಂದು. 10001ಕ್ಕೆ ಹಾಕಿ ನೋಡೋಣ. ಅದಕ್ಕಿಂತ ದೊಡ್ಡದಾದ ಮೊದಲ ವರ್ಗ 101ರದು, 10201. ಕಳೆದರೆ 200, ವರ್ಗವಲ್ಲ. 102ರ ವರ್ಗದಿಂದ ಕಳೆದರೆ 403, ಅಲ್ಲ. 103ಕ್ಕೆ 608, ಅಲ್ಲ. 104ಕ್ಕೆ 815, ಅಲ್ಲ. 105ಕ್ಕೆ 1024. ಇದು 32ರ ವರ್ಗ! 105ಕ್ಕೆ 32 ಕೂಡಿಸಿದರೆ 137, ಕಳೆದರೆ 73. ಹತ್ತೊಂಬತ್ತು ಭಾಗಾಕಾರಗಳ ಕೆಲಸ ಐದು ಕಳೆಯುವ ಲೆಕ್ಕದಲ್ಲಿ ಮುಗಿಯಿತು.

15151ನ್ನು ಹೀಗೇ ನೋಡಿ. 124ರ ವರ್ಗ 15376. ಕಳೆದರೆ 225, ಅಂದರೆ 15ರ ವರ್ಗ. 124+15 = 139, 124-15 = 109. ಮೊದಲ ಪ್ರಯತ್ನದಲ್ಲೇ ಆಚಾರ್ಯರ ಎರಡು ಸಂಖ್ಯೆಗಳೂ ಎದ್ದು ಬಂದವು.

ಯೂರೋಪಿನಲ್ಲಿ ಇದಕ್ಕೆ ಫರ್ಮಾ ವಿಧಾನ ಎಂದು ಹೆಸರು. ಫ್ರಾನ್ಸಿನ ಫರ್ಮಾ 1643ರಲ್ಲಿ ಪತ್ರವೊಂದರಲ್ಲಿ 2027651281 ಎಂಬ ಸಂಖ್ಯೆಯನ್ನು 44021×46061 ಎಂದು ಒಡೆದು ತೋರಿಸಿದ. ನಾರಾಯಣ ಪಂಡಿತ ಅವನಿಗಿಂತ 287 ವರ್ಷ ಮೊದಲಿನವನು, ಮಹಾವೀರಾಚಾರ್ಯರಿಗಿಂತ ಐದು ಶತಮಾನ ಈಚಿನವನು. ಮಹಾವೀರಾಚಾರ್ಯರಿಗೂ ಈ ಉಪಾಯ ಗೊತ್ತಿತ್ತೇ? ಗೊತ್ತಿತ್ತು ಎನ್ನಲು ಆಧಾರವಿಲ್ಲ. ಆದರೆ ಒಂದು ಸಂಗತಿ ಗಮನಿಸಬೇಕು. ವರ್ಗ ಮಾಡುವುದಕ್ಕೆ ಅವರು ಕೊಡುವ ನಿಯಮಗಳಲ್ಲಿ ಒಂದು ಹೀಗಿದೆ: ಸಂಖ್ಯೆಗೆ ಬೇಕಾದ್ದೊಂದನ್ನು ಕೂಡಿಸಿ, ಅದನ್ನೇ ಕಳೆದು, ಬಂದ ಎರಡನ್ನೂ ಗುಣಿಸಿ, ಕೂಡಿಸಿದ್ದರ ವರ್ಗವನ್ನು ಸೇರಿಸು. 98ರ ವರ್ಗ ಬೇಕೇ? 100×96, ಜೊತೆಗೆ 4. ಒಟ್ಟು 9604. ಈ ನಿಯಮವನ್ನು ಹಿಂದುಮುಂದಾಗಿ ಓದಿದರೆ ನಾರಾಯಣನ ಉಪಾಯವೇ ಆಗುತ್ತದೆ. ಬೀಗ ಅವರ ಮನೆಯಲ್ಲೇ ಇತ್ತು, ಕೀಲಿಯೂ ಇತ್ತು. ತಿರುಗಿಸಿದರೋ ಇಲ್ಲವೋ ಹೇಳಲಾಗದು.

ಇಂಥ ಕಡೆ ನಾಲಿಗೆ ಬಿಗಿ ಹಿಡಿಯುವುದು ಅವಶ್ಯ ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಎರಡು ಬಗೆಯ ಮಾತು ಹೆಚ್ಚು. ಎಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು ಎನ್ನುವವರು ಒಂದು ಕಡೆ. ಅವರಿಗೆ ಮಂತ್ರಿ ಮಹೋದಯರಿಂದ ಹಿಡಿದು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವರೆಗೆ ಬೆಂಬಲವಿದೆ. ವೇದದ್ದೆಂದು ಹೇಳಿ 1965ರಲ್ಲಿ ಅಚ್ಚಾದ ಗಣಿತ ಸೂತ್ರಗಳು ವೇದಗಳಲ್ಲಿ ಸಿಗುವುದಿಲ್ಲ ಎಂದು ವಿದ್ವಾಂಸರು ಎಷ್ಟು ಸಲ ಬರೆದರೂ ಆ ಪುಸ್ತಕದ ಮಾರಾಟ ಕಡಿಮೆಯಾಗಲಿಲ್ಲ. ನಮ್ಮಲ್ಲಿ ಏನೂ ಇರಲಿಲ್ಲ, ಎಲ್ಲ ಹೊರಗಿನಿಂದ ಬಂತು ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಸಮಾನವಾದ ಒಂದು ಅನುಕೂಲವಿದೆ: ಹಳೆಯ ಪುಸ್ತಕವನ್ನು ತೆರೆದು ಓದುವ ಕಷ್ಟ ಇಬ್ಬರಿಗೂ ಇಲ್ಲ. ಗಣಿತಸಾರಸಂಗ್ರಹದಲ್ಲಿ ಇರುವ 73ನ್ನು ನೋಡಿ ಬೆರಗಾಗುವುದಕ್ಕೆ ಇಲ್ಲದ್ದನ್ನು ಸೇರಿಸಬೇಕಾಗಿಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ, ಈ ಮೂರು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇದ್ದರೂ ಇರಬಹುದು. ಅವುಗಳಲ್ಲಿ ಲೆಕ್ಕದ ಓಲೆ ಸಿಕ್ಕರೆ ಗುರುತಿಸುವ ಕಣ್ಣು ಬೇಕಲ್ಲ!

ಈಗ ನಾವು ನೆನಪಿಟ್ಟುಕೊಂಡ 123456789ಕ್ಕೆ ಬರೋಣ. ಅಂಕಿಗಳ ಮೊತ್ತ 45 ಆದ್ದರಿಂದ ಒಂಬತ್ತರಿಂದ ಭಾಗವಾಗುತ್ತದೆ, ಉಳಿಯುವುದು 13717421. ಇದನ್ನು ಒಡೆಯಲು ಮೂರು, ಏಳು, ಹನ್ನೊಂದು ಎಂದು ಹೊರಟರೆ 3607 ಸಿಗುವ ಹೊತ್ತಿಗೆ ಸುಮಾರು ಐನೂರು ಭಾಗಾಕಾರಗಳಾಗುತ್ತವೆ. ನಾರಾಯಣ ಪಂಡಿತನನ್ನು ಕರೆಯೋಣ. 3704ರ ವರ್ಗ 13719616. ಕಳೆದರೆ 2195. ವರ್ಗವಲ್ಲ. 3705ರ ವರ್ಗ 13727025. ಕಳೆದರೆ 9604. ಈಗತಾನೇ ನೋಡಿದೆವಲ್ಲ, 98ರ ವರ್ಗ! 3705ಕ್ಕೆ 98 ಕೂಡಿಸಿದರೆ 3803, ಕಳೆದರೆ 3607. ಎರಡೇ ಹೆಜ್ಜೆ. ಮಕ್ಕಳ ಸ್ಲೇಟಿನ ಅಂಕಿಗಳ ಸಾಲು 1356ರ ಉಪಾಯಕ್ಕೆ ಇಷ್ಟು ಸಲೀಸಾಗಿ ಒಲಿಯುತ್ತದೆ. ನಾಳೆ ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ, ಹತ್ತು ನಿಮಿಷ ಸಾಕು.

ಆದರೆ ಈ ಉಪಾಯವನ್ನೇ ನಂಬಿ 1234567ರ ಮುಂದೆ ಹೋದರೆ ಕೆಟ್ಟೆವು. ಅದರ ಅಪವರ್ತನಗಳು 127 ಮತ್ತು 9721, ಒಂದಕ್ಕೊಂದು ತೀರ ದೂರ. ವರ್ಗಗಳ ದಾರಿ ಹಿಡಿದರೆ 3813 ಹೆಜ್ಜೆ ನಡೆಯಬೇಕು. ಸುಮ್ಮನೆ ಅವಿಭಾಜ್ಯಗಳಿಂದ ಭಾಗಿಸಿದರೆ ಮೂವತ್ತೊಂದನೆಯದೇ 127. ಅಪವರ್ತನಗಳು ಹತ್ತಿರ ಇದ್ದರೆ ಒಂದು ಉಪಾಯ, ದೂರ ಇದ್ದರೆ ಇನ್ನೊಂದು. ಹತ್ತಿರವೋ ದೂರವೋ ಎಂಬುದು ಒಡೆಯುವ ಮೊದಲು ಗೊತ್ತಾಗುವುದಿಲ್ಲ, ಅದೇ ತೊಡಕು.

ಇಲ್ಲಿ ಒಂದು ಅಡ್ಡಮಾತು. ಒಂಬತ್ತು ಒಂದುಗಳನ್ನು ಒಂಬತ್ತರಿಂದ ಭಾಗಿಸಿದರೆ 12345679 ಬರುತ್ತದೆ, ಅದರಲ್ಲಿ 8 ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಿದರೆ ಭಾಗಾಕಾರವನ್ನೇ ಬರೆಸಿ. 11ರಲ್ಲಿ ಒಂಬತ್ತು ಒಂದು ಸಲ, ಶೇಷ 2. ಕೆಳಗೆ ಒಂದು ಇಳಿಸಿದರೆ 21, ಎರಡು ಸಲ, ಶೇಷ 3. ಹೀಗೆ ಪ್ರತಿ ಸಲ ಭಾಗಲಬ್ಧವೂ ಶೇಷವೂ ಒಂದೊಂದು ಏರುತ್ತವೆ. 71ರಲ್ಲಿ ಏಳು ಸಲ, ಶೇಷ 8. ಮುಂದಿನದು 81. ಎಂಟು ಸಲ ಹೋಗಿ ಒಂಬತ್ತು ಉಳಿಯಬೇಕಿತ್ತು, ಆದರೆ ಉಳಿದ ಒಂಬತ್ತರಲ್ಲೂ ಒಂಬತ್ತು ಒಂದು ಸಲ ಹೋಗುತ್ತದಲ್ಲ! ಹಾಗಾಗಿ ಒಂಬತ್ತು ಸಲ, ಶೇಷ ಸೊನ್ನೆ. ಎಂಟು ಹಾರಿಹೋಯಿತು.

ಒಂದರಿಂದ ಏರಿ ಇಳಿಯುವ ಈ ಹಾರಗಳಿಗೆ ನಮ್ಮ ಕಾಲದಲ್ಲೂ ಒಬ್ಬ ಆರಾಧಕರಿದ್ದರು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ.ಆರ್. ಕಾಪ್ರೇಕರ್ (1905-1986). 6174 ಎಂಬ ಸಂಖ್ಯೆಯ ವಿಶೇಷವನ್ನು ಕಂಡುಹಿಡಿದವರೆಂದು ಅವರನ್ನು ಜಗತ್ತು ಬಲ್ಲದು. 1, 121, 12321, 1234321 ಎಂಬ ಸಾಲಿಗೆ ಅವರು 'ಡೆಮ್ಲೋ ಸಂಖ್ಯೆಗಳು' ಎಂದು ಹೆಸರಿಟ್ಟರು. ಡೆಮ್ಲೋ ಎಂಬುದು ಮುಂಬಯಿಯಿಂದ ಮೂವತ್ತು ಮೈಲಿ ದೂರದ ರೈಲ್ವೆ ಸ್ಟೇಷನ್. ಅಲ್ಲಿದ್ದಾಗ ಆ ಯೋಚನೆ ಹೊಳೆಯಿತಂತೆ. ತಾಳಗುಪ್ಪದ ರೈಲಿನಲ್ಲಿ ಯಾರಿಗೆ ಏನು ಹೊಳೆಯುತ್ತದೋ ನೋಡಬೇಕು!

ಇನ್ನು ಹತ್ತನೆಯ ಕಲ್ಲಿನಿಂದ ಮುಂದೆ. 12345678910 ಎಂದರೆ 2×5×1234567891. ಈ ಕೊನೆಯ ಹತ್ತಂಕಿಯ ಸಂಖ್ಯೆ ಅವಿಭಾಜ್ಯ. ಒಂದರಿಂದ ಒಂಬತ್ತರವರೆಗೆ ಹೋಗಿ ಮತ್ತೆ ಒಂದಕ್ಕೆ ಬಂದರೆ ಒಡೆಯಲಾಗದ ಕಲ್ಲು. ಅದು ಒಡೆಯುವುದಿಲ್ಲ ಎಂದು ಕೈಲೆಕ್ಕದಲ್ಲಿ ಖಚಿತಪಡಿಸಬೇಕಾದರೆ 35136ರವರೆಗಿನ ಮೂರೂವರೆ ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಹನ್ನೊಂದನೆಯ ಕಲ್ಲಿನ 1234567891011 ಮಾತ್ರ ಮತ್ತೆ ಉದಾರಿ: 3×7×13×67×107×630803.

ಈ ಸಾಲಿನಲ್ಲಿ ಎಲ್ಲಾದರೂ ಒಂದು ಸಂಖ್ಯೆ ಪೂರ್ತಿಯಾಗಿ ಅವಿಭಾಜ್ಯವಾಗಿದೆಯೇ? 12 ಅಲ್ಲ, 123 ಅಲ್ಲ, ಹನ್ನೊಂದರವರೆಗೆ ಯಾವುದೂ ಅಲ್ಲ ಎಂದು ಈಗಾಗಲೇ ನೋಡಿದೆವು. ಮುಂದೆ? ಸಮಸಂಖ್ಯೆಯಲ್ಲಿ ಮುಗಿದರೆ ಎರಡರಿಂದ ಭಾಗವಾಗುತ್ತದೆ. ಐದರಲ್ಲಿ ಮುಗಿದರೆ ಐದರಿಂದ. ಮೂರರ ಪರೀಕ್ಷೆ ಇನ್ನೂ ಸೊಗಸು: 1, 2, 3ರ ಮೊತ್ತ ಮೂರರ ಅಪವರ್ತ್ಯ, 4, 5, 6ರದೂ ಹಾಗೇ. ಮೂರು ಮೂರು ಕಲ್ಲುಗಳ ಗುಂಪುಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಕೊನೆಯ ಕಲ್ಲಿನ ಸಂಖ್ಯೆಯನ್ನು ಮೂರರಿಂದ ಭಾಗಿಸಿದಾಗ ಒಂದು ಉಳಿದರೆ ಮಾತ್ರ ಇಡೀ ಸಂಖ್ಯೆ ಮೂರರಿಂದ ತಪ್ಪಿಸಿಕೊಳ್ಳುತ್ತದೆ. ಇಷ್ಟನ್ನೂ ಸೇರಿಸಿದರೆ ಪ್ರತಿ ಮೂವತ್ತು ಕಲ್ಲಿಗೆ ನಾಲ್ಕೇ ಅಭ್ಯರ್ಥಿಗಳು: 1, 7, 13, 19ನೆಯವು, ಆಮೇಲೆ 31, 37, 43, 49ನೆಯವು, ಹೀಗೆ. ಏಳನೆಯದು ಬಿತ್ತು. ಹದಿಮೂರನೆಯದು 113ರಿಂದ ಭಾಗವಾಗುತ್ತದೆ. ಹತ್ತೊಂಬತ್ತನೆಯದು 13ರಿಂದ. ಕಂಪ್ಯೂಟರುಗಳು ಮೂರು ಲಕ್ಷಕ್ಕೂ ಆಚೆಯ ಕಲ್ಲಿನವರೆಗೆ ನಡೆದಿವೆ. ಅಲ್ಲಿನ ಸಂಖ್ಯೆಗಳಿಗೆ ಹದಿನೇಳು ಲಕ್ಷದಷ್ಟು ಅಂಕಿಗಳು. ಒಂದೂ ಅವಿಭಾಜ್ಯ ಸಿಕ್ಕಿಲ್ಲ.

ಹಾಗೆಂದು ಇಲ್ಲವೇ ಇಲ್ಲ ಎನ್ನಲು ಯಾರ ಬಳಿಯೂ ಸಾಧನೆ ಇಲ್ಲ. ಸಂಭವದ ಲೆಕ್ಕ ಹಾಕಿದರೆ ಇರಬೇಕು, ಅದೂ ಅನಂತವಾಗಿ ಇರಬೇಕು ಎಂದೇ ಗಣಿತಜ್ಞರ ಎಣಿಕೆ. ಆದರೆ ಸಂಖ್ಯೆ ದೊಡ್ಡದಾದಷ್ಟೂ ಅವಿಭಾಜ್ಯಗಳು ವಿರಳ. ಈ ಸಾಲು ಬೆಳೆಯುವ ವೇಗದಲ್ಲಿ, ಎರಡನೆಯದರ ಮಾತಿರಲಿ, ಮೊದಲನೆಯದನ್ನೇ ನಮ್ಮ ಮೊಮ್ಮಕ್ಕಳು ನೋಡುತ್ತಾರೋ ಇಲ್ಲವೋ.

ಅಪವರ್ತಿಸುವುದು ಏಕೆ ಇಷ್ಟು ಕಷ್ಟ? ಆಗುಂಬೆ ಘಾಟಿ ಇಳಿಯುವುದಕ್ಕೂ ಹತ್ತುವುದಕ್ಕೂ ಇರುವ ವ್ಯತ್ಯಾಸ ತೀರ್ಥಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಗುಣಿಸುವುದು ಇಳಿದ ಹಾಗೆ, ಒಡೆಯುವುದು ಹತ್ತಿದ ಹಾಗೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ವ್ಯತ್ಯಾಸವನ್ನೇ ಬೀಗವಾಗಿಸಿ ಗುಪ್ತಲಿಪಿಯೊಂದನ್ನು ರಚಿಸಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಉತ್ತರವನ್ನು ಊರಿಗೆಲ್ಲ ಹೇಳಿದರೂ ಒಡೆಯಲಾರದವನಿಗೆ ಒಳಗಿನ ಮಾತು ತಿಳಿಯದು. ಸವಾಲಾಗಿ ಅವರು ಕೊಟ್ಟ 129 ಅಂಕಿಗಳ ಸಂಖ್ಯೆಯನ್ನು ಒಡೆಯಲು 1994ರವರೆಗೆ ಕಾಯಬೇಕಾಯಿತು. 250 ಅಂಕಿಗಳ ಇನ್ನೊಂದು ಸವಾಲು 2020ರಲ್ಲಿ ಒಡೆಯಿತು. ಬ್ಯಾಂಕಿನ ವ್ಯವಹಾರ ಕಂಪ್ಯೂಟರಿನಲ್ಲಿ ಕಳ್ಳರ ಕಣ್ಣು ತಪ್ಪಿಸಿ ನಡೆಯಲು ಈ ಬಗೆಯ ಬೀಗಗಳು ದೊಡ್ಡ ಆಸರೆಯಾದವು. ಆಚಾರ್ಯರ ಗುಣಾಕಾರದ ಅಭ್ಯಾಸವೂ ಒಂದು ಅರ್ಥದಲ್ಲಿ ಇಂಥದೇ: ಗುರುವಿಗೆ ಒಳಗಿನ ಮಣಿಗಳು ಗೊತ್ತು, ಶಿಷ್ಯನಿಗೆ ಹಾರ ಮಾತ್ರ ಕಾಣುತ್ತದೆ.

ಒಂದು ಸೂಕ್ಷ್ಮವಿದೆ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಬೇರೆ, ಅಲ್ಲದಿದ್ದರೆ ಅದರ ಅಪವರ್ತನಗಳನ್ನು ಕಾಣುವುದು ಬೇರೆ. ಮೊದಲನೆಯದು ವೇಗವಾಗಿ, ಯಾವ ಊಹೆಯನ್ನೂ ನೆಚ್ಚದೆ, ಸಾಧ್ಯ ಎಂದು 2002ರಲ್ಲಿ ತೋರಿಸಿದವರು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಎರಡನೆಯದಕ್ಕೆ, ನಮ್ಮ ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಒಗ್ಗುವ ಅಂಥ ವೇಗದ ದಾರಿ ಇನ್ನೂ ಸಿಕ್ಕಿಲ್ಲ.

ಕೊನೆಗೆ, ಬಸ್ಸಿನ ಹುಡುಗಿ ಕಲ್ಲುಗಳನ್ನು ತಿರುವುಮುರುವಾಗಿ ಬರೆದರೆ? ಹೊಸದನ್ನು ಬಲಕ್ಕೆ ಇಡದೆ ಎಡಕ್ಕೆ ಇಡುತ್ತಾ ಹೋದಳು ಎನ್ನಿ: 1, 21, 321, 4321. ಇದೂ ಮೊದಮೊದಲು ಹಾಗೇ. 21 ಎಂದರೆ 3×7, 321 ಎಂದರೆ 3×107, 4321 ಎಂದರೆ 29×149. ಎಂಬತ್ತೊಂದನೆಯ ಕಲ್ಲಿನವರೆಗೆ ಎಲ್ಲವೂ ಒಡೆಯುತ್ತವೆ. ಎಂಬತ್ತೆರಡನೆಯದು, 828180 ಎಂದು ಹೊರಟು 54321 ಎಂದು ಮುಗಿಯುವ 155 ಅಂಕಿಗಳ ಸಂಖ್ಯೆ, ಅವಿಭಾಜ್ಯ. ಅದೇ ಅಂಕಿಗಳ ಸಾಲನ್ನು ಎಣಿಕೆಯ ಕ್ರಮದಲ್ಲಿ, ಒಂದರಿಂದ ಎಂಬತ್ತೆರಡರವರೆಗೆ ಬರೆದರೆ ಎರಡರಿಂದಲೇ ಭಾಗವಾಗಿ ಹೋಗುತ್ತದೆ.